ಕರಿ ಮೊಹರು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮೂರಲ್ಲಿ ಬೆಳೆ ವಿಮೆ ಪರಿಹಾರ ತರಿಸುತ್ತೇವೆ ಅಂತ ರೊಕ್ಕ ಎತ್ತಿದ ಆ ಪಟ್ಟಿ ನಾಲ್ಕು ವರ್ಷ ಬರೆದವನು ನಾನೇ. ಇದನ್ನು ಮುಚ್ಚಿಟ್ಟರೆ ಮುಂದಿನದು ಓದುವಾಗ ಇವನೇನು ಭಾರಿ ಸತ್ಯವಂತ ಅಂತ ನಿಮಗೆ ಅನ್ನಿಸಬಹುದು. ನೋಟ್‌ಬುಕ್ ನನ್ನದು, ಅಕ್ಷರ ನನ್ನದು, ಮನೆ ಮನೆ ತಿರುಗಿ ಎಕರೆಗೆ 300 ರೂಪಾಯಿ ಇಸಕೊಂಡು ಬಂದವನೂ ನಾನೇ. ರೊಕ್ಕ ಮಾತ್ರ ಕಾಕಾನ ಕೈಗೆ ಹೋಗುತ್ತಿತ್ತು.

ಕಾಕಾ ನನ್ನ ಸ್ವಂತ ಕಾಕಾ ಅಲ್ಲ. ಊರಿಗೆಲ್ಲ ಕಾಕಾ. ನಮ್ಮದು ಕಲಬುರಗಿ ಜಿಲ್ಲೆ, ಆಳಂದ ಕಡೆಯ ಊರು. ಊರಿನ ಹೆಸರು, ಅವರ ಹೆಸರು ಎರಡೂ ಬೇಡ. ಬಿಳಿ ಅಂಗಿ, ಹೆಗಲ ಮೇಲೆ ಹಸಿರು ಟವೆಲ್, ಬಗಲಲ್ಲಿ ಒಂದು ರೆಕ್ಸಿನ್ ಬ್ಯಾಗ್. ರಾತ್ರಿ ಯಾರ ಮನೆಯಲ್ಲಾದರೂ ಹೆರಿಗೆ ಬೇನೆ ಶುರುವಾದರೆ ಜೀಪು ತರಿಸುವವರು ಕಾಕಾ. ರೇಷನ್ ಕಾರ್ಡು, ವೃದ್ಧಾಪ್ಯ ವೇತನ, ಪಹಣಿಯಲ್ಲಿ ಹೆಸರು ತಪ್ಪಾಗಿದ್ದು, ಎಲ್ಲದಕ್ಕೂ ಕಾಕಾ. ಇದೆಲ್ಲ ಖರೇನೇ ಮಾಡುತ್ತಿದ್ದರು, ಸುಳ್ಳು ಹೇಳಬಾರದು. ನಾನು ಬಿ.ಎ. ಮುಗಿಸಿ ಕೆಲಸ ಸಿಗದೆ ಊರಿಗೆ ಬಂದಾಗ ‘ಓದಿದ ಹುಡುಗ, ನನ್ನ ಸಂಗಾಟ ಇರು’ ಅಂದವರು ಅವರೊಬ್ಬರೇ. ಅವತ್ತಿನಿಂದ ನಾನು ರೈತ ಸಮಿತಿಯ ಕಾರ್ಯದರ್ಶಿ. ಅಧ್ಯಕ್ಷರು ಅವರು. ಬೇರೆ ಪದಾಧಿಕಾರಿ ಯಾರೂ ಇರಲಿಲ್ಲ.

ಊರಿಗೆ ಒಳ್ಳೆಯದು ಏನೇ ಬಂದರೂ ಅದರಲ್ಲಿ ಕಾಕಾನ ಕೈ ಇರಲೇಬೇಕು. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಾಗಲೂ, ‘ಆ ಫೈಲಿನಾಗ ನಂದೂ ಒಂದು ಸಹಿ ಅದ’ ಅಂದಿದ್ದರು. ನಾವು ನಂಬಿದ್ದೆವು. ಈಗ ನೆನೆದರೆ ನಗು ಬರುತ್ತದೆ.

ವಿಮೆಯ ವಿಷಯಕ್ಕೆ ಬರೋಣ. ಫಸಲ್ ಬಿಮಾ, ಅಂದರೆ ಸರ್ಕಾರದ ಬೆಳೆ ವಿಮೆ ಯೋಜನೆ, 2016ರ ಮುಂಗಾರಿನಿಂದ ಇದೆ. ಮುಂಗಾರಿನ ತೊಗರಿಗೆ ನಾವು ಕಟ್ಟುವುದು ವಿಮಾ ಮೊತ್ತದ ಶೇ. 2 ಮಾತ್ರ. ಲಕ್ಷ ರೂಪಾಯಿ ವಿಮೆಗೆ 2 ಸಾವಿರ. ಉಳಿದ ಕಂತು ಕೇಂದ್ರ, ರಾಜ್ಯ ಸರ್ಕಾರಗಳು ಹಾಕುತ್ತವೆ. ಕಂತು ಕಟ್ಟಿ, ರಸೀದಿ ಇಟ್ಟುಕೊಂಡು, ಸುಮ್ನೆ ಕಾಯಬೇಕು. ಆದರೆ ಕಾಕಾ ಹೇಳುತ್ತಿದ್ದುದೇ ಬೇರೆ. ‘ಕಟ್ಟಿದ ಮ್ಯಾಲೆ ಸುಮ್ನ ಕುಂತ್ರ ಏನೂ ಬರಂಗಿಲ್ಲ. ಬೆಂಗಳೂರಿಗೆ ಹೋಗಿ ಫೈಲ್ ಹಿಡದು ಜಗ್ಗಬೇಕು. ಸಾಹೇಬರಿಗೆ ಚಾ-ಪಾಣಿ ಆಗ್ಬೇಕು. ಎಕರೆಗೆ 300 ಕೊಡ್ರಿ. ಪರಿಹಾರ ಬರ್ಲಿಲ್ಲ ಅಂದ್ರ ನಿಮ್ಮ 300 ವಾಪಸ್. ಶರಣಬಸಪ್ಪನ ಆಣಿ.’

ಆಣೆ ಮಾಡಿದಂತೆ ನಡೆದುಕೊಂಡರು ಕೂಡ! ಎರಡು ವರ್ಷ ಪರಿಹಾರ ಬರಲಿಲ್ಲ. ಎರಡೂ ಸಲ ನಾನೇ ಅದೇ ನೋಟ್‌ಬುಕ್ ಹಿಡಿದು ಮನೆ ಮನೆಗೆ ಹೋಗಿ ರೊಕ್ಕ ವಾಪಸ್ ಕೊಟ್ಟು ಬಂದೆ. ಒಂದು ರೂಪಾಯಿ ಮುರಿದುಕೊಂಡಿರಲಿಲ್ಲ. ಜನ ಕೈ ಮುಗಿದರು. ರೊಕ್ಕ ವಾಪಸ್ ಕೊಡುವ ಲೀಡರ್ ಎಲ್ಲಿ ಸಿಗುತ್ತಾನೆ, ಅಲ್ವಾ? ಇನ್ನೆರಡು ವರ್ಷ ಪರಿಹಾರ ಬಂತು. ಆಗಂತೂ ಕಾಕಾನೇ ದೇವರು. ನನ್ನ ಐದು ಎಕರೆಗೆ ಅವರು ಒಂದು ವರ್ಷವೂ ಏನೂ ತೆಗೆದುಕೊಳ್ಳಲಿಲ್ಲ. ‘ನೀ ಮನಿ ಹುಡುಗ’ ಅನ್ನುತ್ತಿದ್ದರು.

ನನಗೆ ಮೊದಲ ಸಲ ಹುಳ ಹೊಕ್ಕಿದ್ದು ಎಳ್ಳಾಮಾಸಿ ಆಗಿ ನಾಲ್ಕೈದು ದಿನಕ್ಕೆ. ಚರಗ ಚೆಲ್ಲಿದ ಭಜ್ಜಿ, ಕಡಬು ಇನ್ನೂ ಹೊಲದ ಸಾಲಿನಲ್ಲಿ ಒಣಗಿ ಬಿದ್ದಿದ್ದವು. ನಮ್ಮ ಸೋದರಮಾವನ ಹೊಲಕ್ಕೆ ಇಬ್ಬರು ಬೈಕಿನಲ್ಲಿ ಬಂದರು. ಒಬ್ಬರು ಸರ್ಕಾರದವರು, ಇನ್ನೊಬ್ಬ ವಿಮಾ ಕಂಪನಿಯ ಹುಡುಗ. ಸರ್ವೆ ನಂಬರ್ ಲಾಟರಿ ಎತ್ತಿದ ಹಾಗೆ ಆಯ್ಕೆಯಾಗಿದೆ, ಬೆಳೆ ಕಟಾವು ಪ್ರಯೋಗ ಮಾಡಬೇಕು ಅಂದರು. ಹೊಲದ ನಡುವೆ ಎಲ್ಲಿ ನಿಲ್ಲಬೇಕು ಅಂತಲೂ ಫೋನೇ ಹೇಳುತ್ತಿತ್ತು. ‘ಇಲ್ಲಿ ಸ್ವಲ್ಪ ಬೆಳಿ ತೆಳ್ಳಗದರೀ, ಆ ಕಡಿ ಬರ್ರಿ’ ಅಂತ ಮಾವ ಕರೆದರೂ ಬರಲಿಲ್ಲ. ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿದರು. ಹಗ್ಗದೊಳಗಿನ ತೊಗರಿ ಮಾತ್ರ ಕಡಿಸಿದರು. ಮಾವ ತಾಡಪತ್ರಿ ಹಾಸಿ ಬಡಿದು, ತೂರಿ ಕೊಟ್ಟರು. ತೂಕ ಮಾಡಿದರು, ಫೋಟೊ ತೆಗೆದರು, ಅಲ್ಲೇ ನಿಂತು ಆಪ್‌ನಲ್ಲಿ ಹಾಕಿದರು. ಕಾಳು ಒಣಗಿದ ಮೇಲೆ ಇನ್ನೊಮ್ಮೆ ತೂಗಬೇಕು ಅಂತ ಚೀಲಕ್ಕೆ ಚೀಟಿ ಕಟ್ಟಿ ಹೋದರು.

ನಾನು ಆ ಹುಡುಗನಿಗೆ ಮಜ್ಜಿಗೆ ಕೊಡುತ್ತ ಕೇಳಿದೆ, ‘ಇದ್ಯಾಕಪ್ಪ?’

‘ಇದರ ಮ್ಯಾಲೇ ಪರಿಹಾರ ರೀ ಅಣ್ಣ. ಒಂದು ಪಂಚಾಯತಿಗೆ ಇಂಥವು ನಾಕು. ನಾಕರ ಸರಾಸರಿ ಕಮ್ಮಿ ಬಂದ್ರ ಇಡೀ ಪಂಚಾಯತಿಗೆ ಬರ್ತದ. ಇಲ್ಲಂದ್ರ ಯಾರಿಗೂ ಇಲ್ಲ.’

‘ಮತ್ತ ಬೆಂಗಳೂರಾಗ ಫೈಲು?’

‘ಯಾವ ಫೈಲು ರೀ?’ ಅಂತ ಅವನು ನನ್ನ ಮುಖ ನೋಡಿದ.

ಮೇ ತಿಂಗಳ ಕೊನೆಗೆ ಖಾತೆಗೆ ರೊಕ್ಕ ಬಂತು. ಊರಲ್ಲಿ ಕಾಕಾಗೆ ಶಾಲು ಹೊದಿಸಿದರು, ನಾನೇ ಹಾರ ತಂದೆ. ಮಾರನೇ ದಿನ ಆಳಂದ ಬಸ್ ಸ್ಟ್ಯಾಂಡಿನಲ್ಲಿ ತಾಂಡಾದ ಗೆಳೆಯ ಸಿಕ್ಕ. ಅವರ ತಾಂಡಾ ನಮ್ಮ ಪಂಚಾಯತಿಗೇ ಸೇರಿದ್ದು, ಆದರೆ ನಮ್ಮ ಸಮಿತಿಯಲ್ಲಿ ಅವರಿಲ್ಲ. ಅವರ ಕಡೆಯಿಂದ ನಾವು ಒಂದು ಪೈಸೆ ಎತ್ತಿರಲಿಲ್ಲ. ‘ನಮಗೂ ಬಂದದ ಅಣ್ಣಾ’ ಅಂದ. ಹೆಕ್ಟೇರಿಗೆ ಎಷ್ಟು ಅಂತ ಕೇಳಿದೆ. ಹೇಳಿದ. ಅಲ್ಲೇ ಕಟ್ಟೆ ಮೇಲೆ ಕೂತು ಫೋನಿನಲ್ಲಿ ಭಾಗಿಸಿ ನೋಡಿದೆ. ನಮ್ಮೂರಿಗೆ ಎಷ್ಟೋ ಅವರಿಗೂ ಅಷ್ಟೇ. ಮಿರ್ಚಿ ಭಜಿ ಕೈಯಲ್ಲೇ ತಣ್ಣಗಾಯಿತು.

ಆಮೇಲೆ ಮಾಡಿದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಿಮ್ಮೂರಲ್ಲೂ ಒಬ್ಬ ಕಾಕಾ ಇದ್ದರೆ ಉಪಯೋಗಕ್ಕೆ ಬರಬಹುದು.

ಮೊದಲು ಬೆಳೆ ವಿಮೆಗೆ ಅಂತಲೇ ಇರುವ ರಾಜ್ಯ ಸರ್ಕಾರದ ಸಂರಕ್ಷಣೆ ಪೋರ್ಟಲ್‌ನಲ್ಲಿ ನನ್ನ ಅರ್ಜಿ ಸಂಖ್ಯೆ ಹಾಕಿ ನೋಡಿದೆ. ಅರ್ಜಿ ಯಾವ ಹಂತದಲ್ಲಿದೆ ಅಂತ ಯಾರು ಬೇಕಾದರೂ ಮನೆಯಲ್ಲೇ ಕೂತು ನೋಡಬಹುದು. ನಾಲ್ಕು ವರ್ಷ ನಾನು ಕಾಕಾನ ಬಾಯಿಂದ ‘ಫೈಲ್ ಮುಂದಕ್ಕ ಹೋಗ್ಯದ’ ಅಂತ ಕೇಳುತ್ತ ಕೂತಿದ್ದೆ.

ಆದರೆ ಇಷ್ಟರಿಂದ ಕಾಕಾ ಏನೂ ಮಾಡಿಲ್ಲ ಅಂತ ಸಾಬೀತಾಗುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳೋಣ ಅನ್ನಿಸಿತು. 2005ರ ಕಾಯ್ದೆ ಅದು, ಡಿಗ್ರಿಯಲ್ಲಿ ಓದಿದ್ದೆ, ಬಳಸಿರಲಿಲ್ಲ. ರಾತ್ರಿ ಕೂತು ಎರಡು ಪುಟ ಬರೆದೆ. ಸಿಟ್ಟೆಲ್ಲ ಅದರಲ್ಲೇ ಇತ್ತು. ಕಲಬುರಗಿಯ ಮಿನಿ ವಿಧಾನಸೌಧದ ಹತ್ತಿರ ಅರ್ಜಿ ಬರೆದುಕೊಡುವ ಒಬ್ಬ ಹಿರಿಯರು ಅದನ್ನು ಓದಿ ನಕ್ಕರು. ‘ಇದು ಅರ್ಜಿ ಅಲ್ಲೋ ತಮ್ಮಾ, ಇದು ಜಗಳ. ನಮ್ಮ ರಾಜ್ಯದಾಗ 150 ಶಬ್ದ ದಾಟಂಗಿಲ್ಲ, ಒಂದು ಅರ್ಜಿಗೆ ಒಂದೇ ವಿಷಯ. ಯಾಕ ಅಂತ ಕೇಳಬ್ಯಾಡ. ಯಾವ ಕಾಗದ ಬೇಕು, ಅದನ್ನ ಕೇಳು.’ ಆ ಕೊನೆಯ ಮಾತು ನನಗೆ ಬಹಳ ಕೆಲಸಕ್ಕೆ ಬಂತು. ‘ಯಾಕೆ ಹೀಗಾಯಿತು’ ಅಂದರೆ ಉತ್ತರ ಜಾರಿಕೊಳ್ಳುತ್ತದೆ. ‘ಇಂಥ ಕಾಗದದ ನಕಲು ಕೊಡಿ’ ಅಂದರೆ ಕಾಗದ ಇದೆ ಅನ್ನಬೇಕು, ಇಲ್ಲವೆ ಇಲ್ಲ ಅನ್ನಬೇಕು.

ಅಂಚೆ ಕಚೇರಿಯಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ತೆಗೆದುಕೊಂಡೆ. ಮೊದಲ ಅರ್ಜಿಯಲ್ಲಿ ಕೇಳಿದ್ದು ಒಂದೇ: ನಮ್ಮ ಪಂಚಾಯತಿಯ ತೊಗರಿಯ ನಾಲ್ಕೂ ಕಟಾವು ಪ್ರಯೋಗಗಳ ಇಳುವರಿ, ನಾಲ್ಕು ವರ್ಷದ್ದು. ಅಂಚೆಯಲ್ಲಿ ಕಳಿಸಬಹುದಿತ್ತು. ಕಲಬುರಗಿಗೆ ಬಂದಿದ್ದೇನೆ ಅಂತ ಕೃಷಿ ಇಲಾಖೆ ಕಚೇರಿಗೆ ಕೈಯಾರೆ ಕೊಟ್ಟೆ. ಕೊಟ್ಟಿದ್ದೇ ಒಳ್ಳೆಯದಾಯಿತು.

ಟಪಾಲು ವಿಭಾಗದಲ್ಲಿದ್ದ ಮೇಡಂ ನನ್ನ ನಕಲಿನ ಮೇಲೆ ಟಪ್ ಅಂತ ಮೊಹರು ಹೊಡೆದು, ಅದರೊಳಗೆ ಪೆನ್ನಿನಲ್ಲಿ ಒಂದು ನಂಬರು, ತಾರೀಖು ಬರೆದು ಸಣ್ಣ ಸಹಿ ಹಾಕಿದರು. ಮೊಹರು ನೇರಳೆ ಬಣ್ಣದ್ದು. ಇನ್ನೂ ಹಸಿ ಇತ್ತು, ಹೆಬ್ಬೆರಳಿಗೆ ಹತ್ತಿತು. ಅಲ್ಲೇ ನಿಂತುಬಿಟ್ಟೆ. ಕಾಕಾನ ಬ್ಯಾಗಿನಲ್ಲಿದ್ದ ಮನವಿ ಪತ್ರ ಕಣ್ಣ ಮುಂದೆ ಬಂತು. ಪ್ರತಿ ವರ್ಷ ಕಟ್ಟೆ ಮೇಲೆ ಎಲ್ಲರಿಗೂ ಎತ್ತಿ ತೋರಿಸುತ್ತಿದ್ದ ಕಾಗದ. ‘ನೋಡ್ರಿ, ಸರ್ಕಾರದ ಸಿಕ್ಕಾ ಬಿದ್ದದ.’ ಅದರ ಮೊಹರು ಕರಿ ಇತ್ತು. ಒಳಗೆ ನಂಬರಿನ ಜಾಗ ಖಾಲಿ. ಎಲ್ಲಿಯದೋ ಮೊಹರಿನ ಜೆರಾಕ್ಸ್! ನಾಲ್ಕು ವರ್ಷ ಆ ಹಾಳೆ ನಾನೇ ಮಡಚಿ ಬ್ಯಾಗಿಗೆ ಇಟ್ಟಿದ್ದೇನೆ.

ಹೊರಗೆ ಬಂದು ಆ ಹಿರಿಯರ ಹತ್ತಿರವೇ ಅದೇ ಕಚೇರಿಗೆ ಇನ್ನೊಂದು ಅರ್ಜಿ ಬರೆಸಿದೆ. ನಮ್ಮ ಸಮಿತಿಯ ಹೆಸರಿನಲ್ಲಿ ಈ ನಾಲ್ಕು ವರ್ಷ ಬಂದ ಎಲ್ಲ ಮನವಿಗಳ ನಕಲು, ಆವಕ ಪುಸ್ತಕದಲ್ಲಿ ಅವು ದಾಖಲಾದ ಪುಟಗಳು. ಇನ್ನೊಂದು 10 ರೂಪಾಯಿ.

ಉತ್ತರ ಕೊಡಲು 30 ದಿನ ಅವಕಾಶ ಇದೆ. ಆ ದಿನಗಳು ಬಲು ಕೆಟ್ಟವು. ಕಾರಹುಣ್ಣಿಮೆ ಆಯಿತು, ಮಳೆ ಬಂತು, ಬಿತ್ತನೆ ಶುರುವಾಯಿತು. ಕಾಕಾ ಹೊಸ ಪಟ್ಟಿ ಮಾಡು ಅಂದರು. ಜ್ವರ ಅಂದೆ, ಹೊಲದ ಕೆಲಸ ಅಂದೆ. ಅವರಿಗೆ ಅನುಮಾನ ಬರಲಿಲ್ಲ, ನನಗೆ ಮಾತ್ರ ಅವರ ಮುಖ ನೋಡಲು ಆಗುತ್ತಿರಲಿಲ್ಲ. ಒಂದೊಂದು ಸಲ, ಉತ್ತರದಲ್ಲಿ ಕಾಕಾನ ಮನವಿಗಳು ಇರಲಿ ದೇವರೇ ಅಂತಲೂ ಬೇಡಿಕೊಂಡೆ.

ಮೊದಲ ಅರ್ಜಿ ಐದು ದಿನದೊಳಗೆ ಸಾಂಖ್ಯಿಕ ಇಲಾಖೆಗೆ ವರ್ಗವಾಗಿತ್ತು. ತಪ್ಪು ಕಚೇರಿಗೆ ಕೊಟ್ಟರೂ ಅವರೇ ಸರಿಯಾದ ಕಡೆ ಕಳಿಸಬೇಕು ಅಂತ ಕಾಯ್ದೆಯಲ್ಲಿದೆ. ಪುಟಕ್ಕೆ 2 ರೂಪಾಯಿ ಕಟ್ಟಿದ ಮೇಲೆ ಇಳುವರಿ ಲೆಕ್ಕ ಬಂತು. ಲೆಕ್ಕ ಕಷ್ಟದ್ದೇನಲ್ಲ. ಹಿಂದಿನ ಏಳು ವರ್ಷದಲ್ಲಿ ಚೆನ್ನಾಗಿ ಬೆಳೆದ ಐದು ವರ್ಷದ ಸರಾಸರಿ ಹಿಡಿದು, ಅದರಲ್ಲಿ ಸರ್ಕಾರ ಗೊತ್ತು ಮಾಡಿದಷ್ಟು ಪಾಲನ್ನು ಖಾತರಿ ಇಳುವರಿ ಅನ್ನುತ್ತಾರೆ. ಖಾತರಿ ಹೆಕ್ಟೇರಿಗೆ 4 ಕ್ವಿಂಟಲ್ ಅಂತ ಇಟ್ಟುಕೊಳ್ಳಿ. ಕಟಾವಿನಲ್ಲಿ ಸಿಕ್ಕಿದ್ದು 3 ಆದರೆ ಕಾಲು ಭಾಗ ಕೊರತೆ. ವಿಮಾ ಮೊತ್ತದ ಕಾಲು ಭಾಗ ಖಾತೆಗೆ ಬರುತ್ತದೆ. 4 ಅಥವಾ ಜಾಸ್ತಿ ಸಿಕ್ಕರೆ ಸೊನ್ನೆ. ನಮಗೆ ಪರಿಹಾರ ಬಂದ ಎರಡೂ ವರ್ಷ ಸರಾಸರಿ ಖಾತರಿಗಿಂತ ಕೆಳಗಿತ್ತು, ಬರದ ಎರಡೂ ವರ್ಷ ಮೇಲಿತ್ತು. ಕಾಕಾ ತಿಪ್ಪರಲಾಗ ಹಾಕಿದ್ದರೂ ಬೇರೆಯಾಗುತ್ತಿರಲಿಲ್ಲ. ಒಂದು ವಿಷಯಕ್ಕೆ ಮಾತ್ರ ರೈತ ತಾನೇ ಮುಂದಾಗಬೇಕು: ಆಲಿಕಲ್ಲು ಬಿದ್ದರೆ, ಹೊಲದಲ್ಲಿ ನೀರು ನಿಂತು ಬೆಳೆ ಹೋದರೆ 72 ತಾಸಿನೊಳಗೆ ತಿಳಿಸಬೇಕು. ವಿಚಿತ್ರ ನೋಡಿ, ಆ ವಿಷಯ ಕಾಕಾ ನಮಗೆ ಒಮ್ಮೆಯೂ ಹೇಳಿರಲಿಲ್ಲ.

ಎರಡನೇ ಉತ್ತರ ಒಂದೇ ಹಾಳೆ, ಜೊತೆಗೆ ಒಂದು ಲಗತ್ತು. ಸಮಿತಿಯಿಂದ ಬೆಳೆ ವಿಮೆ ಬಗ್ಗೆ ಯಾವ ಮನವಿಯೂ ಸ್ವೀಕೃತವಾಗಿಲ್ಲ. ಬಂದಿದ್ದು ಒಂದೇ ಒಂದು ಮನವಿ. ಅದರ ನಕಲು ಲಗತ್ತಿಸಿದ್ದರು. ‘ನಮ್ಮ ಸಮಿತಿ ಅಧ್ಯಕ್ಷರಾದ ನನಗೆ ಸಹಾಯಧನದಲ್ಲಿ ಎರಡು ತಾಡಪತ್ರಿ ಮಂಜೂರು ಮಾಡಬೇಕು.’ ಕೆಳಗೆ ಕಾಕಾನ ಸಹಿ. ಅದನ್ನು ಓದಿ ನಕ್ಕೆನೋ ಅತ್ತೆನೋ ನನಗೇ ಗೊತ್ತಿಲ್ಲ.

ಸಂಜೆ ಕಾಕಾನ ಮನೆಗೆ ಹೋದೆ. ಜಗಲಿ ಮೇಲೆ ಕೂತಿದ್ದರು. ‘ಬಾ ತಮ್ಮಾ, ಆರಾಮಾದಿ?’ ಅಂದರು. ಕಾಕಿ ಸುಸಲಾ, ಚಹಾ ತಂದಿಟ್ಟರು. ಬಾಯಿಪಾಠ ಮಾಡಿಕೊಂಡು ಹೋದದ್ದೆಲ್ಲ ಮರೆತುಹೋಯಿತು. ಸುಮ್ಮನೆ ಹಾಳೆಗಳನ್ನು ಕೊಟ್ಟೆ. ಚಾಳೀಸು ಹಾಕಿಕೊಂಡು ನಿಧಾನವಾಗಿ ಓದಿದರು. ಎರಡನೇದನ್ನು ಎರಡು ಸಲ ಓದಿದರು. ನೀಟಾಗಿ ಮಡಚಿ, ನನ್ನ ಚಹಾ ಬಸಿಯ ಪಕ್ಕ ಇಟ್ಟರು.

‘ಮಂದಿ ಖಾತೆಗೆ ರೊಕ್ಕ ಬಂತಿಲ್ಲೋ?’

‘ಬಂತ್ರೀ.’

‘ಬರದಿದ್ದ ವರ್ಷ ನಾ ವಾಪಸ್ ಕೊಟ್ಟೀನಿಲ್ಲೋ?’

‘ಕೊಟ್ಟೀರಿ.’

‘ಮತ್ತ ಮೋಸ ಎಲ್ಲದ?’

ಬಾಯಿ ಕಟ್ಟಿದಂತಾಯಿತು. ಅವರ ಆಟದ ಕೀಲಿ ಇರುವುದೇ ಇಲ್ಲಿ. ಬಸುರಿಗೆ ಗಂಡು ಮಗು ಆಗುತ್ತದೆ ಅಂತ ಹೇಳಿ ದಕ್ಷಿಣೆ ಇಸಕೊಳ್ಳುವವನು, ಹೆಣ್ಣಾದರೆ ದಕ್ಷಿಣೆ ವಾಪಸ್ ಕೊಟ್ಟ ಹಾಗೆ. ಅವನ ಗಂಟು ಏನು ಹೋಯಿತು? ನಮಗೆ ಹಕ್ಕಿನಿಂದ ಬರಬೇಕಾದದ್ದು ಬಂದಾಗ ಅದು ಕಾಕಾನ ಉಪಕಾರ, ಬರದಿದ್ದಾಗ ಕಾಕಾನ ಪ್ರಾಮಾಣಿಕತೆ. ಎರಡೂ ಕಡೆ ಅವರೇ ಗೆಲ್ಲುತ್ತಿದ್ದರು.

‘ಕಾಕಾರೀ, ತಾಂಡಾಕ್ಕೂ ಅಷ್ಟೇ ಬಂದದ. ಅವರು ಯಾರಿಗೂ ಕೊಟ್ಟಿಲ್ಲ. ನೀವು ಒಂದು ಅರ್ಜಿನೂ ಕೊಟ್ಟಿಲ್ಲ. ಆ ಸಿಕ್ಕಾ ಎಲ್ಲಿಂದು?’

ಬಹಳ ಹೊತ್ತು ಮಾತಾಡಲಿಲ್ಲ. ಒಳಗೆ ಕಾಕಿಯ ರೊಟ್ಟಿ ಬಡಿಯುವ ಸಪ್ಪಳ ಕೂಡ ನಿಂತಿತ್ತು. ಕೇಳಿಸಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ. ಆಮೇಲೆ ಕಾಕಾ ಸಿಟ್ಟಿಲ್ಲದೆ, ಬಹಳ ಮೆತ್ತಗೆ ಹೇಳಿದರು:

‘ಪಟ್ಟಿ ಯಾರು ಬರದಾರ ತಮ್ಮಾ? ಅಕ್ಷರ ಯಾರದದ? ನಿನ್ನ ಐದು ಎಕರೆಗೆ 1,500 ಯಾರು ಬಿಟ್ಟಾರ? ಕಟ್ಟಿ ಮ್ಯಾಲೆ ಹೇಳ್ತಿ ಅಂದ್ರ ಹೇಳು. ಇದನ್ನೂ ಹೇಳು.’

ಎದ್ದು ಬಂದೆ. ಚಹಾ ಹಾಗೇ ಉಳಿಯಿತು.

ಆರು ದಿನ ಯಾರಿಗೂ ಏನೂ ಹೇಳಲಿಲ್ಲ. ಹೆದರಿಕೆ ಕಾಕಾನದಲ್ಲ, ನೋಟ್‌ಬುಕ್ಕಿನದು. ಏಳನೇ ದಿನ ನನ್ನ ಹೆಂಡತಿ ಆ ನೋಟ್‌ಬುಕ್ ಎತ್ತಿ ನನ್ನ ಮುಂದೆ ಒಗೆದಳು. ‘ಹೇಳ್ತೀರೋ, ಒಲಿಗೆ ಹಾಕ್ಲೋ? ರಾತ್ರಿಯೆಲ್ಲ ಹೊಳ್ಳಾಡಿ ನನಗೂ ನಿದ್ದಿ ಇಲ್ಲ.’

ಸೋಮವಾರ ಹನುಮಪ್ಪನ ಗುಡಿ ಕಟ್ಟೆ ಮೇಲೆ ಜನ ಸೇರಿದ್ದಾಗ ಹೇಳಿದೆ. ನನ್ನ 1,500ರಿಂದಲೇ ಶುರು ಮಾಡಿದೆ. ಆಮೇಲೆ ಕಟಾವಿನ ಲೆಕ್ಕ, ತಾಂಡಾದ ರೊಕ್ಕ, ಎರಡು ಮೊಹರು. ನೇರಳೆ ಮೊಹರಿನ ಹಾಳೆ, ಕರಿ ಮೊಹರಿನ ಫೋನ್ ಫೋಟೊ, ಎರಡನ್ನೂ ತೋರಿಸಿದೆ. (ಆ ಫೋಟೊ ಹಿಂದೆ ವಾಟ್ಸಾಪ್‌ನಲ್ಲಿ ಊರಿಗೆಲ್ಲ ಕಳಿಸಿದವನು ನಾನೇ. ಅದೂ ಇರಲಿ.) ತಾಡಪತ್ರಿ ಅರ್ಜಿ ಓದಿದಾಗ ಹುಡುಗರು ನಕ್ಕರು. ಹಿರಿಯರು ನಗಲಿಲ್ಲ.

ಊರು ನನ್ನ ಕಡೆ ಬರುತ್ತದೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಒಬ್ಬರು, ‘ತಿಂದ್ರ ತಿನ್ಲಿ ಬಿಡೋ, ರಾತ್ರಿ ಜೀಪ್ ತರಸೋರು ಯಾರು? ನೀ ತರಸ್ತೀಯೇನು?’ ಅಂದರು. ಇನ್ನೊಬ್ಬರು, ‘ನಿಂಗ್ ಪಾಲು ಕಮ್ಮಿ ಬಂತೇನು?’ ಅಂತ ಕೇಳಿದರು. ಅದು ಇವತ್ತಿಗೂ ಚುಚ್ಚುತ್ತದೆ. ಕಾಕಾ ಬಂದು ಒಂದು ಮೂಲೆಯಲ್ಲಿ ನಿಂತಿದ್ದರು. ಕೊನೆಗೆ ಟವೆಲ್ ಜಾಡಿಸಿ, ‘ರೊಕ್ಕ ಖರ್ಚಾಗ್ಯದ. ಯಾರಿಗೆ ಬೇಕೋ ಮನಿಗೆ ಬರ್ರಿ, ಸುಗ್ಗಿಗೆ ಕೊಡ್ತೀನಿ’ ಅಂದು ಹೋದರು. ಹದಿನೆಂಟು ಜನ ಹೆಸರು ಕೊಟ್ಟರು. ಪಟ್ಟಿಯಲ್ಲಿ ಇದ್ದವರು 114. ಸುಗ್ಗಿಗೆ ಒಂಬತ್ತು ಜನಕ್ಕೆ ಕೊಟ್ಟರು, ಉಳಿದವರು ಕೇಳುವುದನ್ನೇ ಬಿಟ್ಟರು. ಪೊಲೀಸರಿಗೆ ದೂರು ಕೊಡೋಣ ಅಂದರೆ ಸಹಿ ಹಾಕಲು ಯಾರೂ ಇಲ್ಲ. ರಸೀದಿ ಅಂತ ಇರುವುದು ನನ್ನ ನೋಟ್‌ಬುಕ್ ಒಂದೇ.

ಆ ಜುಲೈ ಕೊನೆಯ ವಾರ ನಾನು ಗ್ರಾಮ ಒನ್ ಕೇಂದ್ರದ ಹೊರಗೆ ಸ್ಟೂಲ್ ಹಾಕಿಕೊಂಡು ಕೂತೆ. ಬಂದವರ ಪಹಣಿ, ಆಧಾರ್, ಪಾಸ್‌ಬುಕ್ ಜೋಡಿಸಿ ಕೊಡುತ್ತಿದ್ದೆ. ಬಿತ್ತಿದ ಬೆಳೆಯೂ ವಿಮೆ ಮಾಡಿಸಿದ ಬೆಳೆಯೂ ಒಂದೇ ಇದೆಯಾ ನೋಡುತ್ತಿದ್ದೆ. ಬೆಳೆ ಸಮೀಕ್ಷೆಯಲ್ಲಿ ಬೇರೆ ಬೆಳೆ ಅಂತ ಬಂದರೆ ಪರಿಹಾರಕ್ಕೆ ತೊಡಕಾಗುತ್ತದೆ. ಕೂಲಿ ತೆಗೆದುಕೊಳ್ಳಲಿಲ್ಲ. ಕಾಕಾ ಎರಡು ಸಲ ರಸ್ತೆಯಲ್ಲಿ ಹಾದುಹೋದರು, ನಿಲ್ಲಲಿಲ್ಲ.

ಮಧ್ಯಾಹ್ನ ಓಣಿಯ ದೊಡ್ಡವ್ವ ಬಂದಳು. ಗಂಡ ಇಲ್ಲ, ಮೂರು ಎಕರೆ ಹೊಲ. ಕಟ್ಟೆ ಮೇಲೆ ನಾನು ಹೇಳುವಾಗ ಮುಂದೆಯೇ ಕೂತು ಎಲ್ಲ ಕೇಳಿದ್ದಳು. ಸೆರಗಿನ ಗಂಟು ಬಿಚ್ಚಿದಳು. ಒಳಗೆ ಎರಡು ಚೀಟಿ ಸುತ್ತಿದ ರೊಕ್ಕ.

‘ಇದು ಸರ್ಕಾರಕ್ಕ. ಇದು 900, ಕಾಕಾಗ.’

‘ದೊಡ್ಡವ್ವಾ, ಅವತ್ತು ಅಷ್ಟೆಲ್ಲ ಹೇಳ್ದೆನಲ್ಲ?’

‘ನೀ ಹೇಳಿದ್ದು ಖರೇನೇ ಇದ್ದೀತು ತಮ್ಮಾ. ಆದ್ರ ಕೊಟ್ಟ ವರ್ಷ ಬಂದಿತ್ತಲ್ಲ?’

ಮೊದಲಿನ ಸುರುಳಿ ಎಣಿಸಿ ಕೇಂದ್ರದ ಹುಡುಗನಿಗೆ ಕೊಟ್ಟು, ರಸೀದಿ ಅವಳ ಕೈಗಿಟ್ಟೆ. ಎರಡನೆಯದನ್ನು ನಾನು ಮುಟ್ಟಲಿಲ್ಲ. ಅವಳು ಅದನ್ನು ವಾಪಸ್ ಸೆರಗಿಗೆ ಕಟ್ಟಿಕೊಂಡು, ಬಿಸಿಲಿಗೆ ತಲೆ ಮೇಲೆ ಸೆರಗು ಎಳೆದುಕೊಂಡು ಹೊರಟಳು. ಅವಳ ಮನೆ ಎಡಕ್ಕೆ. ಕಾಕಾನ ಮನೆ ಬಲಕ್ಕೆ. ನಾನು ಮುಂದಿನವರ ಪಹಣಿ ನೋಡುತ್ತ ತಲೆ ತಗ್ಗಿಸಿಕೊಂಡೆ.